ಮರಳುಗಾಡಿನ ರಾಣಿಯ ದನಿ

ಮಕ್ಕಳೇ, ನಾನು ಚಿಕ್ಕವನಿದ್ದಾಗ ನಮ್ಮ ಹಾರೋಹಳ್ಳಿಯಲ್ಲಿ ಕಾರ್ಖಾನೆಗಳಿರಲಿಲ್ಲ. ಈಗ ನಿಮ್ಮಪ್ಪ ಶಿಫ್ಟಿಗೆ ಹೋಗುವ ಶೆಡ್ಡು ಇದೆಯಲ್ಲ, ಆಗ ಅದು ರಾಗಿ ಹೊಲ. ಕೊಯ್ಲು ಮುಗಿದ ಮೇಲೆ ಅಲ್ಲಿ ಟೆಂಟ್ ಸಿನಿಮಾ ಬಂದು ಕೂರುತ್ತಿತ್ತು. ತೇಪೆ ಹಾಕಿದ ಡೇರೆ, ಕೂರಲು ಹಾಸಿದ ತಣ್ಣನೆಯ ಮರಳು, ಬೀಡಿ ಹೊಗೆ, ಬಿಸಿ ಕಡಲೆಕಾಯಿಯ ವಾಸನೆ.

ಇಂಗ್ಲಿಷ್ ಸಿನಿಮಾ ಬಂದಾಗ ಪರದೆಯ ಪಕ್ಕ ಕೋಲು ಹಿಡಿದು ನಿಂತು ಅರ್ಥ ಹೇಳುವುದು ನಮ್ಮಪ್ಪನ ಕೆಲಸ. ಅಪ್ಪನಿಗೆ ಇಂಗ್ಲಿಷ್ ಬರುತ್ತಿರಲಿಲ್ಲ. ನೋಡುವವರಿಗೂ ಬರುತ್ತಿರಲಿಲ್ಲವಾದ್ದರಿಂದ ತೊಂದರೆಯೇನೂ ಆಗುತ್ತಿರಲಿಲ್ಲ.

ಮರಳುಗಾಡಿನ ಸಿನಿಮಾಗಳೆಂದರೆ ಊರಿಗೆ ಊರೇ ಬರುತ್ತಿತ್ತು. ಬಿರುಗಾಳಿಗೆ ಒಂಟೆಗಳು ಉರುಳಿ ಬಿದ್ದರೂ ಹೀರೋನ ಕ್ರಾಪು ಕೆಡುತ್ತಿರಲಿಲ್ಲ. ನೀರಿಲ್ಲದೆ ಸಾಯುತ್ತಿದ್ದ ನಾಯಕಿಯ ತುಟಿ ಆಗತಾನೇ ಎಲೆಅಡಿಕೆ ಹಾಕಿದವಳಂತೆ ಕೆಂಪಗಿರುತ್ತಿತ್ತು. ದೂರದ ಗೋಪುರಗಳು ಬಟ್ಟೆಯ ಮೇಲೆ ಬರೆದವು, ಗಾಳಿ ಬೀಸಿದರೆ ಅಲ್ಲಾಡುತ್ತಿದ್ದವು. ಹೀರೋ ಬಾಯಿ ತೆರೆದರೆ ಅಪ್ಪ, "ಲೇ, ಒಸಿ ನೀರ್ ಕೊಡ್ಲಾ, ಗಂಟ್ಲು ಒಣಗೋಗೈತೆ" ಅನ್ನುತ್ತಿದ್ದ. ಜನ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಎಲ್ಲ ಸುಳ್ಳು ಅಂತ ನಮಗೆ ಗೊತ್ತಿತ್ತು, ಅದಕ್ಕೇ ಅಷ್ಟು ಇಷ್ಟವಾಗುತ್ತಿತ್ತು.

ಆ ವರ್ಷ ಅವ್ವ ಜ್ವರದಲ್ಲಿ ತೀರಿಹೋಗಿದ್ದಳು. ಅವಳ ಜೀವ ಹೋಗುವಾಗ ಅಪ್ಪ ಕನಕಪುರದ ಟೆಂಟಿನಲ್ಲಿ ಜನರನ್ನು ನಗಿಸುತ್ತಿದ್ದ. ಅಂದಿನಿಂದ ಅಕ್ಕ ಅಪ್ಪನ ಜೊತೆ ಮಾತು ಬಿಟ್ಟಳು. ಮುದ್ದೆ ಬಡಿಸಿ ಹೊರಗೆ ಹೋಗುತ್ತಿದ್ದಳು. ಏನಾದರೂ ಹೇಳಬೇಕಾದರೆ ನನ್ನ ಕಡೆ ತಿರುಗಿ, "ನೀರು ಕಾದೈತೆ ಅಂತ ಹೇಳು" ಅನ್ನುತ್ತಿದ್ದಳು. ಚನ್ನಪಟ್ಟಣದಿಂದ ಅವಳನ್ನು ನೋಡಲು ಗಂಡಿನವರು ಬರುವವರಿದ್ದರು. ಮಾತಾಡದೆಯೇ ಮಗಳು ಹೊರಟುಹೋಗುತ್ತಾಳೆ ಅನ್ನುವ ಹೆದರಿಕೆ ಅಪ್ಪನನ್ನು ತಿನ್ನುತ್ತಿತ್ತು.

ಒಂದು ಸಂಜೆ ನಾನು ಹಟ ಹಿಡಿದು ಅಕ್ಕನನ್ನು ಟೆಂಟಿಗೆ ಎಳೆದುಕೊಂಡು ಹೋದೆ. ಮುಂದೆಯೇ ಮರಳಿನ ಮೇಲೆ ಕೂತೆವು. ಸಿನಿಮಾದಲ್ಲಿ ಗೋರಿಯ ಕಲ್ಲು ಸರಿದು, ಮೈಗೆಲ್ಲ ಬಟ್ಟೆ ಸುತ್ತಿದ್ದ ಸತ್ತ ರಾಣಿ ಎದ್ದು ಕೂತಳು. ಅಲ್ಲಿ ಅಪ್ಪ ದಿನಾ ಹೇಳುತ್ತಿದ್ದುದು, "ಯಾವನ್ಲಾ ಅದು, ನಿದ್ದೆ ಕೆಡಿಸ್ದೋನು?" ಜನ ನಗಲು ಕಾದಿದ್ದರು. ಅಪ್ಪ ಅಕ್ಕನನ್ನೇ ನೋಡುತ್ತಿದ್ದ. ರಾಣಿಯ ತುಟಿ ಅಲ್ಲಾಡಿತು. ಅಪ್ಪ ಸಣ್ಣ ಹೆಣ್ಣುದನಿಯಲ್ಲಿ ಹೇಳಿದ:

"ಮಗಾ, ಉಂಡ್ಯಾ? ನಿಮ್ಮಪ್ಪ ದೂರ ಇದ್ರು ಕಣವ್ವ, ಬರಾಕಾಗ್ನಿಲ್ಲ. ಅವ್ರ ಮ್ಯಾಲೆ ಮುನಿಸ್ಕಬ್ಯಾಡ."

ಯಾರೂ ನಗಲಿಲ್ಲ. ಅವ್ವನನ್ನು ಹೊತ್ತುಕೊಂಡು ಹೋದಾಗ ಸುತ್ತಿದ್ದ ಬಟ್ಟೆ ನನ್ನ ಕಣ್ಣಿಗೆ ಕಟ್ಟಿತು. ಪರದೆಯ ಮೇಲಿನ ಆ ಬಿಳಿಚಿದ ದೊಡ್ಡ ಮುಖ ನನ್ನನ್ನೇ ನೋಡುತ್ತಿತ್ತು. ಅವ್ವನೇ ಬಂದಿದ್ದಾಳೆ ಎಂದುಕೊಂಡು ಅಕ್ಕನಿಗೆ ಒತ್ತಿಕೊಂಡು ಕೂತೆ.

ಅಕ್ಕ ಎದ್ದು ಅಪ್ಪನ ಹತ್ತಿರ ಹೋದಳು. ಅವಳ ನೆರಳು ರಾಣಿಯ ಮುಖದ ಮೇಲೆ ಬಿತ್ತು.

"ಅವ್ವ ಹಂಗೆ ಮಾತಾಡ್ತಿರ್ನಿಲ್ಲ" ಅಂದಳು. ಅಷ್ಟು ತಿಂಗಳಲ್ಲಿ ಅಪ್ಪನಿಗೆ ಅವಳು ಆಡಿದ ಮೊದಲ ಮಾತು ಅದು.

"ಮತ್ತೆ ಹೆಂಗೆ ಮಾತಾಡ್ತಿದ್ಲವ್ವ? ನಂಗೆ ಮರ್ತೋಯ್ತಾ ಐತೆ" ಅಂದ ಅಪ್ಪ.

ಅಕ್ಕ ಅವನ ಕಿವಿಯ ಹತ್ತಿರ ಬಾಯಿಟ್ಟು ಏನೋ ಹೇಳಿದಳು. ನನಗೆ ಕೇಳಿಸಲಿಲ್ಲ. ಅಪ್ಪ ಕೋಲು ಬಿಟ್ಟು ಮರಳಿನ ಮೇಲೆ ಕುಸಿದು ಕೂತು, ಟವೆಲ್ಲನ್ನು ಬಾಯಿಗೆ ಒತ್ತಿಕೊಂಡು ಅತ್ತ. ಅಕ್ಕ ಪಕ್ಕದಲ್ಲೇ ಕೂತಳು. ಉಳಿದ ಸಿನಿಮಾ ಅರ್ಥ ಹೇಳುವವರಿಲ್ಲದೆಯೇ ಓಡಿತು, ಹೇಳು ಅಂತ ಯಾರೂ ಕೇಳಲಿಲ್ಲ.

ಈಗ ನೀವು ಅಂಥದೇ ಸಿನಿಮಾಗಳನ್ನು ಸಿಡಿ ಹಾಕಿ ನೋಡುತ್ತೀರಿ. ಹೆದರಿಕೆಯಾದರೆ ನಿಲ್ಲಿಸುತ್ತೀರಿ, ನಗು ಬಂದರೆ ಹಿಂದಕ್ಕೆ ಓಡಿಸುತ್ತೀರಿ. ತೀರಿಹೋದ ನಿಮ್ಮಜ್ಜಿ ಕೂಡ ನಿಮ್ಮತ್ತೆಯ ಮದುವೆ ಸಿಡಿಯಲ್ಲಿದ್ದಾಳೆ. "ನನ್ನ ಯಾಕಪ್ಪ ಹಿಡೀತೀಯಾ, ಮೊದ್ಲು ಉಣ್ಣೋಗು" ಅಂತ ವಿಡಿಯೊದವನನ್ನು ಗದರುತ್ತಾಳೆ. ಆ ದನಿ ಅವಳದೇ. ಎಷ್ಟು ಸಲ ಬೇಕಾದರೂ ಕೇಳಿ, ಬೇಡ ಅನ್ನುವುದಿಲ್ಲ.

ನನ್ನ ಅವ್ವನ ದನಿ ಯಾವ ಸಿಡಿಯಲ್ಲೂ ಇಲ್ಲ. ಅದನ್ನು ಬಲ್ಲ ಅಕ್ಕನೂ ತೀರಿಹೋದಳು. ಕೆಲವು ಬೆಳಗಿನ ಜಾವ ಕನಸಿನಲ್ಲಿ ಅವ್ವ ಬಂದು, ಉಂಡ್ಯಾ ಮಗಾ, ಅನ್ನುತ್ತಾಳೆ. ಮುಖ ಆ ರಾಣಿಯದು, ದನಿ ಅಪ್ಪನದು. ಆದರೂ ನಾನು, ಉಂಡೆ ಕಣವ್ವ, ಅನ್ನುತ್ತೇನೆ.