ಬಿಪಿ ಗುಳಿಗೆ ಮತ್ತು ನನ್ನ ಕಾಲುಂಗುರ

ಬಿಪಿ ಗುಳಿಗೆ ಶುರುವಾದ ಎರಡೇ ತಿಂಗಳಿಗೆ ನನ್ನ ಪಾದಗಳು ಊದಿಕೊಂಡವು. ಬೆಳಗ್ಗೆ ತಕ್ಕಮಟ್ಟಿಗೆ ಇರುತ್ತಿದ್ದವು. ಸಂಜೆಯಾದರೆ ಹಂಚಿನ ಮೇಲಿನ ಹೋಳಿಗೆಯ ಹಾಗೆ ಉಬ್ಬುತ್ತಿದ್ದವು. ಚಪ್ಪಲಿ ಬಿಗಿಯಾದರೆ ನನಗೇನು, ನಮ್ಮೂರು ನಿಲಂಗಾದ ಪೇಟೆಯಲ್ಲಿ ಬೇರೆ ಸಿಗುತ್ತವೆ. ಬಿಗಿಯಾದದ್ದು ಮದುವೆಯಲ್ಲಿ ತೊಡಿಸಿದ ಬೆಳ್ಳಿಯ ಕಾಲುಂಗುರ. ಗಂಡ ಇರುವಾಗ ನಮ್ಮಲ್ಲಿ ಅದನ್ನು ತೆಗೆದು ಬೆರಳು ಬರಿದು ಬಿಡುವುದಿಲ್ಲ. ಸವೆದರೂ ಹೊಸದನ್ನು ತೊಟ್ಟ ಮೇಲೆಯೇ ಹಳೆಯದು ಹೊರಗೆ. ನನ್ನ ಬೆರಳಿಗೆ ಹೊಸದು ಏರದು, ಹಳೆಯದು ಇಳಿಯದು.

ಪಕ್ಕದ ಮನೆಯಾಕೆಗೂ ಗುಳಿಗೆಯಿಂದ ಹೀಗೇ ಆಗಿತ್ತಂತೆ. ಅವಳು ಡಾಕ್ಟರಿಗೆ ಹೇಳಿ ಬೇರೆ ಬರೆಸಿಕೊಂಡಿದ್ದಳು. ನನಗೆ ಅಷ್ಟು ತಾಳ್ಮೆ ಎಲ್ಲಿಂದ ಬರಬೇಕು? ನಾನು ಗುಳಿಗೆಯನ್ನೇ ಬಿಟ್ಟೆ. ದಿನಾ ಒಂದನ್ನು ಬಚ್ಚಲಿಗೆ ಹಾಕಿ, ಗಂಡನ ಎದುರಿಗೆ ಬಂದು ಗಟಗಟ ನೀರು ಕುಡಿಯುತ್ತಿದ್ದೆ. ನನ್ನ ಜಾಣತನಕ್ಕೆ ನಾನೇ ಹಿಗ್ಗುತ್ತಿದ್ದೆ.

ಊತ ಇಳಿಯುವ ಮೊದಲೇ ನಾನು ಬಿದ್ದೆ. ಐದನೆಯ ದಿನ ನಮ್ಮ ಬಟ್ಟೆ ಅಂಗಡಿಯಲ್ಲಿ ತಲೆ ಗಿರ್ರೆಂದು ತಿರುಗಿ, ಗಿರಾಕಿಗೆಂದು ಬಿಚ್ಚಿಟ್ಟಿದ್ದ ಇಳಕಲ್ ಸೀರೆಗಳ ಮೇಲೆ ಕುಸಿದೆ. ಮೆತ್ತಗಿತ್ತು, ಪೆಟ್ಟಾಗಲಿಲ್ಲ. ಗಂಡ ಅಂಗಡಿ ಮುಚ್ಚಿ ಉದಗೀರದ ದವಾಖಾನೆಗೆ ಕರೆದೊಯ್ದ.

ಗುಳಿಗೆ ಬರೆದುಕೊಟ್ಟಿದ್ದ ಡಾಕ್ಟರು ಸಣ್ಣ ವಯಸ್ಸಿನ ಹುಡುಗಿ. ಬಿಪಿ ನೋಡಿದಳು, ನನ್ನ ಮುಖ ನೋಡಿದಳು. “ಮಾವಶಿ, ಖರಂ ಸಾಂಗಾ,” ಎಂದಳು. ಚಿಕ್ಕಮ್ಮಾ, ನಿಜ ಹೇಳಿ ಎಂದು ಮರಾಠಿಯಲ್ಲಿ ಕೇಳಿದ ಮೇಲೆ ಎಲ್ಲ ಹೇಳಿದೆ. ಗಂಡ ಬಚ್ಚಲಿನ ಸುದ್ದಿ ಕೇಳಿ ಬಾಯಿ ತೆರೆದವನು ಮುಚ್ಚಲೇ ಇಲ್ಲ.

“ಈ ಗುಳಿಗಿಗೆ ಕೆಲವರ ಕಾಲು ಊದ್ತಾವ್ರಿ. ನನಗ ಹೇಳಿದ್ರ ಬದಲಿ ಮಾಡ್ತಿದ್ದೆ. ನಿಮ್ಮಷ್ಟಕ್ಕ ನೀವೇ ಬಿಟ್ರ ಜೀವಕ್ಕ ಕುತ್ತು,” ಎಂದು ಈಗ ನನ್ನ ಕನ್ನಡದಲ್ಲೇ ಹೇಳಿ ಬೇರೆ ಗುಳಿಗೆ ಬರೆದಳು. ಆಮೇಲೆ ನನ್ನ ಬೆರಳು ಒತ್ತಿ ನೋಡಿದಳು. ಬಲಗಾಲಿನ ಉಂಗುರದ ಸುತ್ತ ಬೆರಳು ನೇರಳೆ ಬಣ್ಣಕ್ಕೆ ತಿರುಗಿತ್ತು. “ಇದನ್ನ ಇವತ್ತೇ ಕತ್ತರಿಸ್ಬೇಕು. ಊತ ಇಳಿಯೋ ತನಕ ಕಾಯಂಗಿಲ್ಲ.”

ಅಲ್ಲಿಯೇ ಪೇಟೆಯಲ್ಲಿ ಬೆಳ್ಳಿ-ಬಂಗಾರದ ಕೆಲಸ ಮಾಡುವ ಪತ್ತಾರನ ಅಂಗಡಿಗೆ ಹೋದೆವು. ಆತ ಸಣ್ಣ ಕತ್ತರಿ ಹಿಡಿದ ಕೂಡಲೇ ನಾನು ಕಾಲನ್ನು ಸೀರೆಯೊಳಗೆ ಎಳೆದುಕೊಂಡೆ. ಮಂದಿ ತುಂಬಿದ್ದರು, ನಾಚಿಕೆ ಬಿಟ್ಟು ಅತ್ತೆ. ಉಂಗುರ ತುಂಡಾದರೆ ಗಂಡನಿಗೆ ಏನಾದರೂ ಆದೀತೆಂಬ ಹೆದರಿಕೆ ನನಗೆ ನಿಜವಾಗಿಯೂ ಇತ್ತು. ಈಗ ನಗು ಬರುತ್ತದೆ, ಆಗ ಬರಲಿಲ್ಲ.

“ಏ, ನಾ ಇಲ್ಲೇ ಕುಂತೀನಿ, ನೋಡಿಲ್ಲಿ. ಚಹಾ ಕುಡ್ಯಾಕತ್ತೀನಿ,” ಎಂದ ಗಂಡ.

ಪೇಟೆಯಲ್ಲಿ ಯಾವಾಗಲೂ ನನಗಿಂತ ಹತ್ತು ಹೆಜ್ಜೆ ಮುಂದೆ ನಡೆಯುವ ಮನುಷ್ಯ ಆತ. ಮಂದಿಯ ಎದುರಿಗೆ ನನ್ನ ಕೈ ಹಿಡಿದವನಲ್ಲ. ಅಂಥವನು ಚಹಾದ ಕಪ್ಪು ಕೆಳಗಿಟ್ಟು, ನೆಲದ ಮೇಲೆ ಕೂತು, ನನ್ನ ಊದಿದ ಪಾದವನ್ನು ಎತ್ತಿ ತನ್ನ ಬಿಳಿ ಧೋತರದ ತೊಡೆಯ ಮೇಲೆ ಇಟ್ಟುಕೊಂಡ.

“ಉಂಗ್ರ ನನ್ನ ಸಲುವಾಗಿ ಹಾಕ್ಕೊಂಡಿದಿ ಅಲ್ಲ?” ಎಂದ. “ಗುಳಿಗಿನೂ ನನ್ನ ಸಲುವಾಗೇ ತಗೋ. ನೀ ಇಲ್ಲಂದ್ರ ನಾ ಇದ್ದು ಏನ್ ಮಾಡ್ಲಿ?”

ಪತ್ತಾರ ನನ್ನ ಮುಖ ನೋಡಿದ. ನಾನು ಕಾಲು ಎಳೆದುಕೊಳ್ಳಲಿಲ್ಲ.