ಗೂಡು ಕಟ್ಟದ ಹುಳುಗಳನ್ನು ಸಾಕಿದವರು

ಜೀವಕೋಶವು ತಾನು ತಯಾರಿಸಿದ ಪ್ರೋಟೀನನ್ನು ಹೇಗೆ ಹೊರಗೆ ಕಳುಹಿಸುತ್ತದೆಂದು ಬಲ್ಲ ವಿದ್ವಾಂಸರು ಜಪಾನಿನಲ್ಲಿ ಅನೇಕರಿದ್ದಾರೆ. ಕಳುಹಿಸಲಾರದ ರೇಷ್ಮೆಹುಳುವನ್ನೇ ಹಠ ಹಿಡಿದು ಸಾಕಿ, ಅದರಿಂದಲೇ ಗುಟ್ಟನ್ನು ಬಿಡಿಸಿದವರು ನಮ್ಮ ಇನಾ ಕಣಿವೆಯ ಆಚಾರ್ಯೆ ಅರಿಗಾ ಸುಮಿಯೆಯವರು. ಈ ವಸಂತದಲ್ಲಿ ಅವರು ನಿವೃತ್ತರಾಗುತ್ತಿದ್ದಾರೆ.

ರೇಷ್ಮೆಗ್ರಂಥಿಯ ಜೀವಕೋಶದಲ್ಲಿ ರೈಬೋಸೋಮ್‌ಗಳು ನೂಲಿನ ಪ್ರೋಟೀನನ್ನು ಹೆಣೆಯುತ್ತವೆ; ಕೋಶದ ಒಳಜಾಲರಿಯಲ್ಲಿ ಅದರ ದೊಡ್ಡ ಎಳೆಗೆ ಚಿಕ್ಕ ಎಳೆ ಜೋಡಿಯಾಗುತ್ತದೆ; ಗಾಲ್ಜಿ ಎಂಬ ಕೋಶಾಂಗ ಅದನ್ನು ಹದಗೊಳಿಸಿ ಪುಟ್ಟ ಚೀಲಗಳಿಗೆ ತುಂಬುತ್ತದೆ; ಚೀಲಗಳು ಕೋಶದ ಅಂಚಿಗೆ ಹೋಗಿ ಬಾಯಿ ಬಿಡುತ್ತವೆ. ಸುಮಿಯೆಯವರ ತಳಿಯ ಹುಳುಗಳೋ ಗೂಡಿಲ್ಲದೆ ಬರಿಮೈಯಲ್ಲೇ ಪ್ಯೂಪಾ ಆಗುತ್ತಿದ್ದವು. ಚಿಕ್ಕ ಎಳೆ ಕೆಟ್ಟಿರುವುದರಿಂದ ದೊಡ್ಡದು ಜಾಲರಿಯಲ್ಲೇ ಸಿಕ್ಕಿಕೊಂಡಿದೆ ಎಂಬುದು ಅವರ ಊಹೆ. ಅದನ್ನು ಸಾಬೀತು ಮಾಡಲು, ಸರಿಯಾದ ಎಳೆ ಕೊಟ್ಟು ಗೂಡು ಕಟ್ಟಿಸುವವರೆಗೆ ತಳಿ ಬದುಕಿರಬೇಕಿತ್ತು. "ಉಗುಳಲಾರದ ಹುಳು ಯಾಕಮ್ಮಾ, ಎಸೀರಿ ಅತ್ಲಾಗೆ" ಎಂದರು ಪ್ರಯೋಗಾಲಯದ ಹಿರಿಯರು. ಜಪ್ಪಯ್ಯ ಅಂದರೂ ಸುಮಿಯೆ ಬಗ್ಗಲಿಲ್ಲ.

ಒಂದು ಮೇ ತಿಂಗಳಲ್ಲಿ ಇಬ್ಬನಿ ಹೆಪ್ಪುಗಟ್ಟಿ ಕಣಿವೆಯ ಹಿಪ್ಪುನೇರಳೆ ಚಿಗುರೆಲ್ಲ ಕರಕಲಾಯಿತು. ಹುಳುಗಳು ಆಗಷ್ಟೇ ನಾಲ್ಕನೇ ಜ್ವರದಿಂದ, ಅಂದರೆ ಪೊರೆ ಬಿಡುವ ನಿದ್ದೆಯಿಂದ, ಎದ್ದು ಹಸಿದಿದ್ದವು. ಕೃತಕ ಆಹಾರವನ್ನು ಆ ತಳಿ ಮೂಸಿಯೂ ನೋಡದು. ಗುಡ್ಡದ ಮೇಲಿನ ರೈತಮಹಿಳೆ ಕರಾಸಾವಾ ಇಸೊ ಅಜ್ಜಿ ಹೊಗೆ ಹಾಕಿ ತೋಟದ ಒಂದು ಮೂಲೆಯನ್ನು ಉಳಿಸಿಕೊಂಡಿದ್ದರು. ಸುಮಿಯೆ ಬುಟ್ಟಿ ಹಿಡಿದು ಅಲ್ಲಿಗೇ ಹೋದರು.

"ನನ್ನ ಹುಳಕ್ಕೇ ಎಲೆ ಸಾಲ್ದು ಮೇಡಮ್ಮೋರೇ. ನಿಮ್ಮ ಸೋಮಾರಿಗಳಿಗೆ ಎಲ್ಲಿಂದ ತರ್ಲಿ?"

"ಸೋಮಾರಿಗಳಲ್ಲ ಅಜ್ಜಿ. ರೇಷ್ಮೆ ಮಾಡಿ ಮಾಡಿ ಒಳಗೇ ತುಂಬ್ಕೊಂಡಿವೆ. ಹೊರಗೆ ಬಿಡಕ್ಕಾಗ್ತಿಲ್ಲ."

"ಅಯ್ಯೋ ದೇವ್ರೇ! ದಿನ ತುಂಬಿದ್ರೂ ಹೆರಿಗೆ ಆಗ್ದಂಗಾ?" ಅಜ್ಜಿ ತಮ್ಮ ಹುಳುಗಳ ತಟ್ಟೆಯತ್ತ ನೋಡಿ ನಿಟ್ಟುಸಿರಿಟ್ಟರು. "ಅರ್ಧ ಬುಟ್ಟಿ ಕಿತ್ಕೊಳ್ಳಿ. ಅದಕ್ಕಿಂತ ಒಂದೆಲೆ ಜಾಸ್ತಿ ಮುಟ್ಟಿದ್ರೆ ಕೈ ಮುರೀತೀನಿ."

ಸುಮಿಯೆಯವರ ಹುಳುಗಳಲ್ಲಿ ಬಹುಪಾಲು ಸತ್ತವು. ಬೆರಳೆಣಿಕೆಯಷ್ಟು ಉಳಿದು, ಚಿಟ್ಟೆಗಳಾಗಿ ಮೊಟ್ಟೆಯಿಟ್ಟವು. ಮುಂದೆ ಅಜ್ಜಿ ಬದುಕಿರುವಷ್ಟು ಕಾಲ, ಪ್ರತಿ ವಸಂತದಲ್ಲೂ ಸುಮಿಯೆಯವರು ಆ ತೋಟಕ್ಕೆ ಎಲೆ ಕೀಳಲು ಕೂಲಿಯಿಲ್ಲದೆ ಹೋದರು.

ವರ್ಷಗಳ ಸೋಲಿನ ಬಳಿಕ, ಸರಿಯಾದ ಎಳೆಯ ವಂಶವಾಹಿಯನ್ನು ಪಡೆದ ಹುಳುವೊಂದು ತಲೆಯಾಡಿಸುತ್ತ ಗಟ್ಟಿ ಗೂಡು ಕಟ್ಟಿತು. ಸುಮಿಯೆ ಬಿಕ್ಕಿ ಬಿಕ್ಕಿ ಅತ್ತರು. ಈಗ ಅವರು ನಿವೃತ್ತರಾಗುವಾಗ ಸಂಸ್ಥೆಯ ಆಡಳಿತದವರು, "ಊಹೆ ಗೆದ್ದಾಯ್ತಲ್ಲ, ಬರಿಮೈ ತಳಿ ನಿಲ್ಲಿಸಿಬಿಡೋಣ" ಎಂದರು.

"ಹೊರಗೆ ಹೋಗದ ಅಷ್ಟು ರೇಷ್ಮೆ ಹೊತ್ಕೊಂಡೂ ಆ ಜೀವಕೋಶಗಳು ಯಾಕೆ ಸಾಯಲ್ಲ? ಅದನ್ನ ನಾನಿನ್ನೂ ಕೇಳಿಲ್ಲ," ಎಂದರು ಸುಮಿಯೆ. "ಗೂಡು ಕಟ್ಟಿದವು ನಿಮಗಿರಲಿ. ಕಟ್ಟದವು ನನ್ನ ಜೊತೆ ಬರ್ತವೆ."

ಮೊಟ್ಟೆಗಳು ಈಗಾಗಲೇ ಅವರ ಅಡುಗೆಮನೆಯ ಫ್ರಿಜ್ಜಿನಲ್ಲಿ, ಮಿಸೊ ಎಂಬ ಸೋಯಾ ಗೊಜ್ಜಿನ ಡಬ್ಬಿಯ ಪಕ್ಕದಲ್ಲಿವೆ. ಆ ಪ್ರಶ್ನೆಗೆ ಉತ್ತರ ಸಿಗುವಷ್ಟು ಆಯುರಾರೋಗ್ಯ ಪೂಜ್ಯರಿಗೂ, ಅವರ ಹುಳುಗಳ ಸಂತತಿಗೂ ದೊರೆಯಲಿ.