ಚೂರಮ್ಮನ ಸೋಪು

ನಮ್ಮ ಬೀದಿಯಲ್ಲಿ ನನ್ನ ಅತ್ತೆಗೆ ಚೂರಮ್ಮ ಎಂದು ಹೆಸರು. ಇಟ್ಟವಳು ಕೆಳಗಿನ ಮನೆಯ ಇಸ್ತ್ರಿಯವನ ಹೆಂಡತಿ. ಎದುರಿಗೆ ಬಾಯಿತುಂಬ ಅಮ್ಮಾ ಎಂದು ಕರೆದು, ಬೆನ್ನು ತಿರುಗಿಸಿದ ಮೇಲೆ ಚೂರಮ್ಮ ಎನ್ನುವುದು ಅವಳ ರೂಢಿ. ಅತ್ತೆಗೆ ಇದು ಗೊತ್ತಿತ್ತು, ಬೇಸರವೇನೂ ಇರಲಿಲ್ಲ. ಚೂರು ಎಂದರೆ ಅವರ ಮಟ್ಟಿಗೆ ಬೈಗುಳವಲ್ಲ. ಸೋಪಿನ ಚೂರು, ಮೇಣದ ಬತ್ತಿಯ ಚೂರು, ದಾರದ ಚೂರು, ಪೆನ್ಸಿಲಿನ ಚೂರು, ಎಲ್ಲಕ್ಕೂ ನಮ್ಮ ಮನೆಯಲ್ಲಿ ಒಂದೊಂದು ಡಬ್ಬಿ ಉಂಟು. ಡಬ್ಬಿಯ ಮೇಲಿನ ಚಿತ್ರಕ್ಕೂ ಒಳಗಿನ ಸಾಮಾನಿಗೂ ಸಂಬಂಧ ಇರುವುದಿಲ್ಲ. ಹೊಸದಾಗಿ ಬಂದಾಗ ಬಿಸ್ಕತ್ತಿನ ಡಬ್ಬಿಗೆ ಆಸೆಯಿಂದ ಕೈ ಹಾಕಿ ಹಿಡಿ ತುಂಬ ಗುಂಡಿ ಹೊರತೆಗೆದವಳು ನಾನು.

ಮನೆ ಎಂದರೆ ಇಸ್ತ್ರಿ ಅಂಗಡಿಯ ಮೇಲಿನ ಎರಡು ಕೋಣೆ, ಒಂದು ಅಡುಗೆಮನೆ. ಮಾವ ಒಂದು ಗೋದಾಮಿನಲ್ಲಿ ಕಾವಲುಗಾರರಾಗಿದ್ದು ಈಗ ಮನೆಯಲ್ಲಿದ್ದಾರೆ. ನನ್ನ ಗಂಡ ಛಾಪಖಾನೆಯಲ್ಲಿ ಪುಸ್ತಕಕ್ಕೆ ರಟ್ಟು ಕಟ್ಟುತ್ತಾರೆ. ನಾನು ಸಿದ್ಧ ಉಡುಪಿನ ಕಾರ್ಖಾನೆಯಲ್ಲಿ ತೋಳು ಜೋಡಿಸುವವಳು. ದುಡಿಯುವ ಕೈ ನಾಲ್ಕು, ಉಣ್ಣುವ ಬಾಯಿಯೂ ನಾಲ್ಕು. ತಿಂಗಳ ಕೊನೆಯ ವಾರ ಬೇರೆಯವರ ಮನೆಗಳಲ್ಲಿ ಮಾತು ಬಿರುಸಾಗುತ್ತದೆ, ಪಾತ್ರೆಗಳು ಸದ್ದು ಮಾಡುತ್ತವೆ. ನಮ್ಮ ಮನೆಯಲ್ಲಿ ಮೊದಲ ವಾರ ಹೇಗೋ ಕೊನೆಯ ವಾರವೂ ಹಾಗೇ. ಅದು ಅತ್ತೆಯ ಕೈಗುಣ.

ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದು ಲೋಕ ಹೇಳುತ್ತದೆ. ಅತ್ತೆ ಹಾಸಿಗೆಯ ಆಯಸ್ಸನ್ನೇ ಚಾಚುವವರು. ಹಾಸಿಗೆಯ ಹೊದಿಕೆ ನಡುವೆ ಸವೆದು ಬಲೆಯಾದರೆ ಉದ್ದಕ್ಕೆ ಎರಡಾಗಿ ಕತ್ತರಿಸಿ, ಗಟ್ಟಿಯಾಗಿರುವ ಅಂಚುಗಳನ್ನು ನಡುವಿಗೆ ತಂದು ಹೊಲಿಯುತ್ತಾರೆ, ಸವೆದದ್ದು ಬದಿಗೆ ಹೋಗುತ್ತದೆ. ಹೀಗಾಗಿ ನಮ್ಮ ಹಾಸಿಗೆಯ ನಟ್ಟನಡುವೆ ಒಂದು ಹೊಲಿಗೆ. ಗಂಡನಿಗೂ ನನಗೂ ಜಗಳವಾದ ದಿನ ಅದೇ ಗಡಿ. ಅಂಗಿಯ ಕಾಲರು ಹರಿದರೆ ಬಿಚ್ಚಿ, ಮಗುಚಿ, ಹೊಸದರಂತೆ ಕೂರಿಸುತ್ತಾರೆ. ಹಲ್ಲುಜ್ಜುವ ಪೇಸ್ಟಿನ ಟ್ಯೂಬನ್ನು ಕತ್ತರಿಯಿಂದ ಸೀಳಿ ಮತ್ತೆ ನಾಲ್ಕು ದಿನ ನಡೆಸುತ್ತಾರೆ.

ಸೋಪಿನ ವಿಷಯವಂತೂ ಒಂದು ಶಾಸ್ತ್ರ. ಹೊಸ ಸೋಪು ತಂದ ಕೂಡಲೇ ಕಾಗದ ಬಿಚ್ಚಿ ಬೀರುವಿನ ಮೇಲೆ ಒಣಗಲು ಇಡಬೇಕು; ಒಣಗಿದ ಸೋಪು ಬೇಗ ಕರಗುವುದಿಲ್ಲ. ಕಾಗದ ಬಟ್ಟೆಯ ಪೆಟ್ಟಿಗೆಗೆ, ಪರಿಮಳಕ್ಕೆ. ಬಳಸಿ ಬಳಸಿ ಎಲೆಯಷ್ಟು ತೆಳ್ಳಗಾದ ಮೇಲೆ ಹಳೆಯದನ್ನೂ ಹೊಸದನ್ನೂ ಒದ್ದೆ ಮಾಡಿ, ಬೆನ್ನಿಗೆ ಬೆನ್ನು ಒತ್ತಿ ಇಟ್ಟರೆ ಬೆಳಗಾಗುವಷ್ಟರಲ್ಲಿ ಎರಡೂ ಒಂದೇ ಜೀವ. ನಾನು ಈ ಮನೆಗೆ ಬಂದ ದಿನ ಮುಖ ತೊಳೆದ ಸೋಪಿನ ಅಂಶ ಇವತ್ತಿನ ಸೋಪಿನಲ್ಲೂ ಇರಬೇಕು.

ಎಂಜಲು ಕೈಯಲ್ಲಿ ಕಾಗೆ ಓಡಿಸದವಳು ಎಂದು ಅವರ ಬಗ್ಗೆ ಯಾರಾದರೂ ಹೇಳಿದರೆ ನನಗೆ ಮೈ ಉರಿಯುತ್ತದೆ. ಜಿಪುಣರು ಕೂಡಿಡುತ್ತಾರೆ, ಬಳಸುವುದಿಲ್ಲ. ಅತ್ತೆ ಕೂಡಿಡುವುದೇ ಬಳಸುವುದಕ್ಕೆ. ಹೆಸರಿಟ್ಟ ಆ ಮಹಾತಾಯಿ ಕಾಲು ಮುರಿದುಕೊಂಡು ಮಲಗಿದಾಗ ತಿಂಗಳಿಡೀ ಅವಳ ಮನೆಗೆ ಅನ್ನ ಹೋದದ್ದು ಈ ಚೂರಮ್ಮನ ಒಲೆಯಿಂದಲೇ.

ನಾನು ಬಂದ ಮೇಲಿನ ವರ್ಷಗಳಲ್ಲಿ ಅತ್ತೆಯ ಮಿತವ್ಯಯ ಇನ್ನೂ ಬಿಗಿಯಾಗುತ್ತ ಹೋಯಿತು. ಸಂಜೆ ಅಡುಗೆಮನೆಯಲ್ಲಿ ದೀಪ ಹಾಕುವುದನ್ನೇ ಬಿಟ್ಟರು. ಕೈಗೆ ಗೊತ್ತಿರುವ ಕೆಲಸಕ್ಕೆ ಕರೆಂಟು ಯಾಕೆ ಎಂದರು. ಹೊಲಿಗೆ ಕಡಿಮೆ ಮಾಡಿದರು. ದಾರ ತುಟ್ಟಿಯಾಗಿದೆ ಎಂದರು. ಮಾರುಕಟ್ಟೆಗೆ ಬಸ್ಸು ಹತ್ತದೆ ಗೋಡೆ ಬದಿಯಲ್ಲೇ ನಡೆದು ಹೋಗತೊಡಗಿದರು. ಟಿಕೆಟ್ಟಿನ ದುಡ್ಡು ಉಳಿಯಿತಲ್ಲ ಎಂದರು. ತರಕಾರಿಯನ್ನು ಒಂದೊಂದಾಗಿ ಬೆರಳಲ್ಲಿ ಒತ್ತಿ, ಉಜ್ಜಿ, ಮೂಸಿ ಆರಿಸುವುದು ನೋಡಿ ಅಂಗಡಿಯವನು ಮುಖ ಹುಳ್ಳಗೆ ಮಾಡುತ್ತಿದ್ದ. ನಾವು ಮೂವರೂ ಹೆಮ್ಮೆಪಟ್ಟೆವು. ನನ್ನ ಗಂಡನಂತೂ ಛಾಪಖಾನೆಯಲ್ಲಿ ಅಮ್ಮನ ಕಥೆ ಹೇಳಿ ಹೇಳಿ, ಅಲ್ಲಿಯ ಒಬ್ಬಿಬ್ಬರು ಮನೆಗೆ ಹೋಗಿ ಅದನ್ನೇ ಹೇಳಿ ಹೆಂಡತಿಯರಿಂದ ಬೈಸಿಕೊಳ್ಳುವಂತೆ ಮಾಡಿದ್ದರು.

ಹೀಗಿರುವಾಗ ಮಾವನಿಗೆ ಕುತ್ತಿಗೆಯ ಸುತ್ತ ತುರಿಕೆ ಎದ್ದಿತು. ಮೊದಲು ದಿಂಬಿನ ಮೇಲೆ ಅನುಮಾನ ಬಂತು, ದಿಂಬು ಬಿಸಿಲಿಗೆ ಹೋಯಿತು. ಆಮೇಲೆ ಇಸ್ತ್ರಿಯವನ ಗಂಜಿಯ ಮೇಲೆ ತಿರುಗಿತು; ಅವನನ್ನು ಕರೆದು ಮಾವ ಚೆನ್ನಾಗಿ ಜಾಡಿಸಿದರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದ ಹಾಗಾಯಿತು. ತುರಿಕೆ ಮಾತ್ರ ಕುತ್ತಿಗೆಯಿಂದ ಬೆನ್ನಿಗೆ ಇಳಿಯಿತು.

ಒಂದು ರಜೆಯ ದಿನ ಬಚ್ಚಲು ಉಜ್ಜುತ್ತ ಸೋಪಿನ ಪೆಟ್ಟಿಗೆ ತೊಳೆಯೋಣವೆಂದು ಸೋಪನ್ನು ಎತ್ತಿದೆ. ಮೇಲೆ ಗುಲಾಬಿ ಬಣ್ಣದ ಮೈಸೋಪು. ಅದರ ಬೆನ್ನಿಗೆ ಅಂಟಿಕೊಂಡು ಕಡುನೀಲಿ ಬಟ್ಟೆಸೋಪಿನ ಚೂರು. ನಸುಕಿನ ಕತ್ತಲಲ್ಲಿ ಮೈಗೆ ನೀರು ಹಾಕಿಕೊಂಡು ಕಾರ್ಖಾನೆಗೆ ಓಡುವ ನಾನು ಅದರ ಬೆನ್ನು ನೋಡಿರಲೇ ಇಲ್ಲ. ಅಂಟಿಸಿದ್ದು ಮಾತ್ರ ಬಹಳ ಅಚ್ಚುಕಟ್ಟು, ಸಂದಿನಲ್ಲಿ ಉಗುರೂ ಹೋಗುವಂತಿರಲಿಲ್ಲ.

ಗಂಡನನ್ನು ಕರೆದು ತೋರಿಸಿದೆ. ಅವರು ಅದನ್ನು ಎಂದೋ ನೋಡಿದ್ದರಂತೆ. ಮತ್ತೆ ಯಾಕೆ ಸುಮ್ಮನಿದ್ದಿರಿ ಎಂದರೆ, ಅಮ್ಮನ ಹೊಸ ಲೆಕ್ಕ ಇರಬೇಕು ಅಂದುಕೊಂಡೆ ಎಂದರು. ನಗಬೇಕೋ ತಲೆ ಚಚ್ಚಿಕೊಳ್ಳಬೇಕೋ ತಿಳಿಯಲಿಲ್ಲ. ಬಟ್ಟೆಸೋಪಿನಲ್ಲಿ ಮೈ ಉಜ್ಜಿಕೊಂಡು, ಇದೂ ಉಳಿತಾಯವೇ ಎಂದು ಸಮಾಧಾನಪಡುವ ಗಂಡಸು ಈ ಭೂಮಿಯ ಮೇಲೆ ನಮ್ಮ ಮನೆಯಲ್ಲಿ ಮಾತ್ರ ಸಿಕ್ಕಾನು. ನಗು ಬಂದದ್ದು ಅಷ್ಟೇ ಬೇಗ ನಿಂತುಹೋಯಿತು. ಎರಡು ಚೂರೂ ಒಂದೇ ಡಬ್ಬಿಯಲ್ಲಿ ಕೂತು ಒಂದೇ ವಾಸನೆ ಹಿಡಿದಿರಬಹುದು, ಬೆರಳಿಗೆ ಎರಡೂ ಒಂದೇ ಇರಬಹುದು. ಆದರೆ ಗುಲಾಬಿಗೂ ನೀಲಿಗೂ ವ್ಯತ್ಯಾಸ ಕಾಣದೆ ಹೋಗುವುದು ಹೇಗೆ?

ಅಡುಗೆಮನೆಗೆ ಹೋಗಿ, ಸೋಪಿನ ಡಬ್ಬಿಯಿಂದ ಎರಡು ಬಣ್ಣದ ಎರಡು ಚೂರು ತೆಗೆದು ಅತ್ತೆಯ ಅಂಗೈಯಲ್ಲಿಟ್ಟು, ಇದರಲ್ಲಿ ನೀಲಿ ಯಾವುದು ಹೇಳಿ ಎಂದೆ. ಅವರು ಹೆಬ್ಬೆರಳಲ್ಲಿ ತೀಡಿದರು, ಮೂಗಿನ ಹತ್ತಿರ ತಂದರು. ಬೆಳಕು ಸಾಲದು, ಆಮೇಲೆ ಹೇಳುತ್ತೇನೆ ಎಂದರು. ಆಗ ನಡುಮಧ್ಯಾಹ್ನ; ಕಿಟಕಿಯ ಬಿಸಿಲು ಅವರ ಕೈಯ ಮೇಲೇ ಬಿದ್ದಿತ್ತು.

ದೀಪ, ದಾರ, ಬಸ್ಸು, ತರಕಾರಿ, ಎಲ್ಲ ಒಂದೊಂದಾಗಿ ಮನಸ್ಸಿಗೆ ಬಂತು. ಇವರಿಗೆ ಕಣ್ಣು ಕಾಣುತ್ತಿರಲಿಲ್ಲ. ನಾವು ಮೂರು ಜನ ಕಣ್ಣಿದ್ದವರು ಅದನ್ನು ಮಿತವ್ಯಯ ಎಂದು ಹೊಗಳುತ್ತ ಕೂತಿದ್ದೆವು.

ಅತ್ತೆ ನನ್ನ ಕೈ ಹಿಡಿದು ಕೂರಿಸಿಕೊಂಡರು.

"ಯಾರಿಗೂ ಹೇಳ್ಬೇಡ. ಮೊದ್ಲು ನಿನ್ನ ಮಿಷನ್ ಬರ್ಲಿ. ಆಮೇಲೆ ನೋಡೋಣ ಕಣ್ಣು ಗಿಣ್ಣು ಎಲ್ಲ."

ಮಿಷನ್ ಎಂದರೆ ಕರೆಂಟಿನಲ್ಲಿ ನಡೆಯುವ ಹೊಲಿಗೆ ಯಂತ್ರ. ಅದು ಬಂದರೆ ಕಾರ್ಖಾನೆಗೆ ಹೋಗಿ ಮೇಸ್ತ್ರಿಯ ಕೈಯಲ್ಲಿ ಬೈಸಿಕೊಳ್ಳುವುದು ತಪ್ಪಿ, ಮನೆಯಲ್ಲೇ ಕೂತು ಹೊಲಿಯಬಹುದು ಎಂಬುದು ನನ್ನ ಆಸೆ. ನಾನು ಒಮ್ಮೆ ಬಾಯಿ ತಪ್ಪಿ ಹೇಳಿದ್ದನ್ನು ಅತ್ತೆ ಹಿಡಿದುಕೊಂಡಿದ್ದರು. ಹನಿ ಹನಿ ಕೂಡಿದರೆ ಹಳ್ಳ ಎಂದು, ಮನೆ ಖರ್ಚಿನಲ್ಲಿ ಮಿಗಿಸಿದ್ದನ್ನೆಲ್ಲ ಅದಕ್ಕೆಂದೇ ಒಂದು ಡಬ್ಬಿಗೆ ಹಾಕುತ್ತಿದ್ದರು. ಕಣ್ಣು ಮಬ್ಬಾಗುತ್ತಿದೆ ಎಂದು ಹೇಳಿದರೆ ಆ ಡಬ್ಬಿ ಆಸ್ಪತ್ರೆಗೆ ಹೋಗುತ್ತದೆ ಎಂಬುದೊಂದೇ ಅವರ ಭಯ.

ನನಗೆ ಸಿಟ್ಟು ಬೇಗ. ಬಾಯಿಗೆ ಬಂದದ್ದನ್ನೆಲ್ಲ ಅಂದುಬಿಟ್ಟೆ. ನಿಮ್ಮ ಕಣ್ಣು ಕಳೆದು ಬಂದ ಮಿಷನ್ನಿನಲ್ಲಿ ನಾನು ಯಾರ ಬಟ್ಟೆ ಹೊಲಿಯಲಿ, ಬೀದಿಯವರು ನನ್ನ ಮುಖಕ್ಕೆ ಉಗಿಯುವುದಿಲ್ಲವೇ ಎಂದೆ. ಅವರು ಬೇಳೆ ಆರಿಸುತ್ತ, ಅಂದರೆ ತಡವುತ್ತ, ಕೂತೇ ಇದ್ದರು. ಒಂದು ಮಾತಿಗೂ ಜಗ್ಗಲಿಲ್ಲ. ಸಂಜೆ ಊಟದ ಹೊತ್ತಿಗೆ ವಿಷಯ ಎಲ್ಲರ ಮುಂದೆ ಹಾಕಿದೆ. ನನ್ನ ಗಂಡ ಅತ್ತರು, ಬೇಡಿಕೊಂಡರು. ಮೊದಲು ಮಿಷನ್, ಕಣ್ಣು ಮುಂದಿನ ವರ್ಷ ನೋಡೋಣ ಎಂದು ಅಮ್ಮ ಅವರಿಗೂ ಅದೇ ಉತ್ತರ ಕೊಟ್ಟರು.

ಮಾವ ಮನೆಯಲ್ಲಿ ಮಾತಾಡುವುದೇ ಕಡಿಮೆ. ಕಾವಲಿನ ಕೆಲಸದಲ್ಲಿ ಸುಮ್ಮನಿರುವುದು ಅಭ್ಯಾಸವಾಗಿತ್ತು. ಅಂದು ತಟ್ಟೆಯಲ್ಲಿ ಕೈ ತೊಳೆದು, ಬೆನ್ನು ಕೆರೆದುಕೊಂಡು ಹೇಳಿದರು:

"ತುರಿಕೆ ಬಂದಿದ್ದು ನಂಗೆ. ಮಾತಾಡೋ ಹಕ್ಕೂ ನಂದೇ. ನಾಳೆ ಆಸ್ಪತ್ರೆಗೆ ಹೋಗೋದು."

ಬರೀ ತೋರಿಸುವುದಾದರೆ ಬರುತ್ತೇನೆ ಎಂದು ಕೊನೆಗೆ ಅತ್ತೆ ಗೊಣಗಿದರು.

ಕಣ್ಣಿನ ಆಸ್ಪತ್ರೆಯಲ್ಲಿ ನಾಲ್ಕೂ ಜನ ಬೆಂಚಿನ ಮೇಲೆ ಸಾಲಾಗಿ ಕೂತೆವು. ಡಾಕ್ಟರು ನನ್ನ ವಯಸ್ಸಿನ ಹೆಣ್ಣುಮಗಳು. ಎರಡೂ ಕಣ್ಣಿಗೆ ಪೊರೆ ಬಂದಿದೆ, ಆಪರೇಷನ್ ಮಾಡಬೇಕು, ಇಷ್ಟು ದಿನ ಮನೆ ಹೇಗೆ ನಡೆಸಿದರು ಎಂದು ನಮ್ಮನ್ನು ಕೇಳಿದಳು. ನಮಗಿಂತ ಮೊದಲೇ ಅತ್ತೆ ವ್ಯಾಪಾರಕ್ಕೆ ಇಳಿದರು. ಎರಡೂ ಕಣ್ಣು ಒಟ್ಟಿಗೆ ಮಾಡಿದರೆ ಏನಾದರೂ ಕಡಿಮೆಯಾಗುತ್ತದೆಯೇ ಎಂದು ಕೇಳಿದರು. ಹಾಗೆ ಮಾಡುವುದಿಲ್ಲ, ಒಂದಾದ ಮೇಲೆ ಒಂದು ಎಂದಾಗ, ಹಾಗಾದರೆ ಒಂದೇ ಸಾಕು, ಒಂದು ಕಣ್ಣಲ್ಲಿ ಮನೆ ನಡೆಸುವುದು ಎರಡು ಕಣ್ಣಿಲ್ಲದೆ ನಡೆಸಿದ್ದಕ್ಕಿಂತ ಸುಲಭ ಎಂದರು. ಅದನ್ನೂ ಮುಂದಿನ ವರ್ಷಕ್ಕೆ ಇಟ್ಟುಕೊಳ್ಳಬಹುದೇ ಎಂದು ಸೇರಿಸಿದರು.

ಡಾಕ್ಟರು ನಗಲಿಲ್ಲ. ಪೊರೆ ಬಲಿತಷ್ಟೂ ತೆಗೆಯುವುದು ಕಷ್ಟ, ಆಗ ಖರ್ಚೂ ಹೆಚ್ಚು, ಕಣ್ಣು ಬರುತ್ತದೆಂಬ ಭರವಸೆಯೂ ಕಡಿಮೆ ಎಂದು ನಿಧಾನವಾಗಿ ತಿಳಿಸಿದಳು. ಆಮೇಲೆ ಅತ್ತೆಯ ಕಡೆ ಬಾಗಿ, "ಉಗುರಲ್ಲಿ ಹೋಗೋದಕ್ಕೆ ಕೊಡಲಿ ಯಾಕಮ್ಮ?" ಎಂದಳು.

ಅಷ್ಟೊತ್ತೂ ಕಲ್ಲಿನಂತಿದ್ದ ಅತ್ತೆ ತಲೆ ಎತ್ತಿದರು. ನಾವು ಕಣ್ಣೀರು ಹಾಕಿದ್ದು, ಸಿಟ್ಟು ಮಾಡಿದ್ದು, ಗದರಿದ್ದು ಎಲ್ಲ ದಂಡ. ತಡ ಮಾಡಿದರೆ ನಷ್ಟ ಎಂಬ ಮಾತೊಂದು ನೇರ ಒಳಗೆ ಹೋಯಿತು. ಸರಿ, ಬಲಗಣ್ಣು ಮಾಡಿ ಎಂದರು.

ಡಬ್ಬಿ ಖಾಲಿಯಾಯಿತು. ಸುಳ್ಳು ಯಾಕೆ ಹೇಳಲಿ, ಅದರ ಮುಚ್ಚಳ ತೆಗೆದ ಹೊತ್ತಿಗೆ ನಾನು ದುಡ್ಡನ್ನು ಬೇಕೆಂದೇ ಎರಡು ಸಲ ಎಣಿಸಿದೆ. ಮಿಷನ್ ಎಲ್ಲಿಡುವುದು, ಯಾವ ಕಿಟಕಿಯ ಬೆಳಕು ಸರಿಯಾದೀತು ಎಂದೆಲ್ಲ ನೋಡಿಟ್ಟುಕೊಂಡಿದ್ದೆ. ಮರುದಿನ ಕಾರ್ಖಾನೆಯಲ್ಲಿ ಮೇಸ್ತ್ರಿ ಬೈದದ್ದು ಎಂದಿಗಿಂತ ಹೆಚ್ಚು ನಾಟಿತು. ಆದರೂ ದುಡ್ಡು ಹೋದದ್ದು ಎಲ್ಲಿಗೆ ಎಂದು ನೆನೆದರೆ ಮನಸ್ಸು ತಣ್ಣಗಾಗುತ್ತಿತ್ತು.

ಕಣ್ಣು ಮಾಡಿಸಿಕೊಂಡು ಬಂದ ಅತ್ತೆಯನ್ನು ಕೋಣೆಯಲ್ಲಿ ಮಲಗಿಸಿ ಅಡುಗೆಮನೆ ನಾನು ಹಿಡಿದೆ. ಹಿಡಿದೆ ಎಂದರೆ ಹೆಸರಿಗೆ. ಕಣ್ಣಿಗೆ ಪಟ್ಟಿ ಇದ್ದರೇನು, ಕಿವಿಗೆ ಇರಲಿಲ್ಲವಲ್ಲ. ಬೇಳೆ ಕುದಿಯುವ ಸದ್ದು ಕೇಳಿ ಉರಿ ಸಣ್ಣ ಮಾಡು ಎನ್ನುವರು. ನಲ್ಲಿಯ ಸದ್ದು ಕೇಳಿ ಪಾತ್ರೆಗೆ ನೀರು ಹೆಚ್ಚಾಯಿತು ಎನ್ನುವರು. ನಾನು ಬೆಂಕಿಕಡ್ಡಿ ಗೀರಿದರೆ, ಪಕ್ಕದ ಒಲೆ ಉರಿಯುತ್ತಿಲ್ಲವೇ, ಅದರಿಂದಲೇ ಹಚ್ಚಿಕೊಳ್ಳಬಾರದೇ ಎಂದು ಕೋಣೆಯಿಂದ ಕೇಳುವರು. ನನಗೆ ರೇಗುತ್ತಿತ್ತು. ಅವರ ದನಿ ಸ್ವಲ್ಪ ಹೊತ್ತು ಕೇಳಿಸದಿದ್ದರೆ ನಾನೇ ಹೋಗಿ ಇಣುಕುತ್ತಿದ್ದೆ.

ಪಟ್ಟಿ ತೆಗೆಸಿಕೊಂಡು ಬಂದ ದಿನ ಅತ್ತೆ ಕೂರಲೇ ಇಲ್ಲ. ಕಪ್ಪು ಕನ್ನಡಕ ಹಾಕಿಕೊಂಡು, ಅದನ್ನು ಆಗಾಗ ಎತ್ತಿ, ಮನೆಯೆಲ್ಲ ಸುತ್ತಿದರು. ಸೂರಿನ ಮೂಲೆಯ ಜೇಡರ ಬಲೆಗೆ ನನಗೆ ಬೈಗುಳವಾಯಿತು. ಮೊಳೆಗೆ ತೂಗಿದ್ದ ಮಾವನ ಬಿಳಿ ಅಂಗಿಯನ್ನು ಕೈಗೆ ತೆಗೆದುಕೊಂಡು ಕಾಲರು ನೋಡಿದರು. ಅವರೇ ಮಗುಚಿ ಹೊಲಿದದ್ದು, ಕೆಂಪು ದಾರದಲ್ಲಿ, ಸೊಟ್ಟಸೊಟ್ಟಗೆ. ಇದನ್ನು ಹಾಕಿಕೊಂಡು ಊರೆಲ್ಲ ತಿರುಗಿದರೇ ಎಂದು ಮಾವನನ್ನು ಕೇಳಿದರು. ಮಾವ ಕಿಟಕಿಯ ಆಚೆ ನೋಡುತ್ತ, ಗಟ್ಟಿಯಾಗಿತ್ತಲ್ಲ ಎಂದರು.

ಆಮೇಲೆ ಅಡುಗೆಮನೆಗೆ ಬಂದರು. ನಾನು ಅಕ್ಕಿ ತೊಳೆಯುತ್ತಿದ್ದೆ. ಇನ್ನು ಇಲ್ಲೇನು ತಪ್ಪು ಹಿಡಿಯುವರೋ ಎಂದು ತೊಳೆದ ನೀರನ್ನು ಚೆಲ್ಲದೆ ಪಕ್ಕಕ್ಕಿಟ್ಟೆ. ಅವರು ಕನ್ನಡಕ ತೆಗೆದು ಹತ್ತಿರ ಬಂದು, ನನ್ನ ಗಲ್ಲ ಹಿಡಿದು ಬೆಳಕಿಗೆ ತಿರುಗಿಸಿದರು. ಹಣೆ ನೋಡಿದರು, ಮೂಗು ನೋಡಿದರು, ಹುಬ್ಬಿನ ಮೇಲೆ ಬೆರಳಾಡಿಸಿದರು. ಬಹಳ ಹೊತ್ತು ಬಿಡಲಿಲ್ಲ.

"ನೀನು ಹೀಗಿದೀಯಾ," ಎಂದರು.

ಇಷ್ಟು ವರ್ಷ ಒಂದೇ ಒಲೆಯ ಮುಂದೆ ನಿಂತಿದ್ದೇವೆ. ಈ ಹೆಂಗಸು ನನ್ನ ಮುಖವನ್ನೇ ನೋಡಿರಲಿಲ್ಲ.

"ಮಗ ನಿನ್ನ ಮೆಚ್ಚಿ ಕರ್ಕೊಂಡು ಬಂದ ದಿನವೇ ಎಲ್ಲ ಮಂಜು ಮಂಜು. ಬಾಗಿಲಲ್ಲಿ ಯಾರೋ ನಿಂತ ಹಾಗೆ ಕಂಡಿತ್ತು, ಅಷ್ಟೆ. ದನಿ ಕೇಳಿ ಹೂಂ ಅಂದೆ. ನನ್ನ ಜೀವಮಾನದಲ್ಲಿ ನೋಡ್ದೆ ಮನೆಗೆ ತಂದಿದ್ದು ನಿನ್ನೊಬ್ಬಳನ್ನೇ ಕಣೇ. ಮೋಸ ಹೋಗಿಲ್ಲ."

ನನಗೆ ಅಳು ತಡೆಯಲಾಗಲಿಲ್ಲ. ಅತ್ತೆ ತಮ್ಮ ಸೆರಗಿನಿಂದ ನನ್ನ ಮುಖ ಒರೆಸಿ, ನನ್ನ ಈ ಕಣ್ಣಿಗೆ ನೀರು ಸೋಕಬಾರದು ಅಂತ ಡಾಕ್ಟರು ಹೇಳಿದ್ದಾರೆ, ನೀನು ಆ ಕಡೆ ತಿರುಗಿ ಅಳು ಎಂದರು. ನಾನು ತಿರುಗಲು ಹೋದರೆ ಗಲ್ಲ ಬಿಡಲಿಲ್ಲ.